ಡಾರ್ಸೆಯ ಗೀತೆಯೂ ಕ್ಷಮಾಶಬ್ದದ ಅರ್ಥವೂ

ಆದಿಕಾವ್ಯದ ಜನನವನ್ನು ಹೇಳುವ ಕ್ರೌಂಚವಧೆಯ ಕಥೆಯನ್ನು ಕೇಳದ ಮನೆ ನಮ್ಮಲ್ಲಿ ವಿರಳ. ಬೇಡನ ಬಾಣಕ್ಕೆ ಸಿಕ್ಕಿ ಬಿದ್ದ ಗಂಡುಹಕ್ಕಿಯನ್ನೂ, ಅದರ ಸುತ್ತ ಗೋಳಿಡುತ್ತಿದ್ದ ಹೆಣ್ಣುಹಕ್ಕಿಯನ್ನೂ ಕಂಡ ಮುನಿಯ ಶೋಕವೇ ಛಂದೋಬದ್ಧವಾಗಿ ಹೊರಹೊಮ್ಮಿತೆಂಬುದನ್ನು ಬಾಲಕರೂ ಬಲ್ಲರು. ಆದರೆ ಧ್ವನ್ಯಾಲೋಕಕ್ಕೆ ವ್ಯಾಖ್ಯಾನವನ್ನು ಬರೆದ ಅಭಿನವಗುಪ್ತನು ಈ ಸಂದರ್ಭದಲ್ಲಿ ಕೊಡುವ ಎಚ್ಚರಿಕೆಯೊಂದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅದನ್ನು ಮುನಿಯ ಸ್ವಂತ ಶೋಕವೆಂದು ತಿಳಿಯಬಾರದೆನ್ನುತ್ತಾನೆ ಆತ. ಸ್ವಂತ ದುಃಖದಿಂದ ಬೇಯುತ್ತಿರುವವನಿಗೆ ದುಃಖವುಂಟೇ ಹೊರತು ರಸವಿಲ್ಲ; ತನ್ನದೆಂಬ ಅಂಟು ಕಳಚಿದ ಮೇಲೆಯೇ ಶೋಕವು ಕರುಣರಸವಾಗುವುದು ಎಂಬುದು ಆತನ ಆಶಯ.

ಹಾಗಾದರೆ, ಹೆಂಡತಿಯನ್ನೂ ಹಸುಗೂಸನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮಣ್ಣುಮಾಡಿ ಬಂದವನೊಬ್ಬನು ಕೆಲವೇ ದಿನಗಳಲ್ಲಿ ರಚಿಸಿದ ಗೀತೆಯನ್ನು ಏನೆಂದು ಕರೆಯಬೇಕು? ಅದು ಬರಿಯ ಅಳುವೋ, ಕಾವ್ಯವೋ? ಅಮೆರಿಕಾ ದೇಶದ ಕಪ್ಪು ಜನರ ಭಕ್ತಿಸಂಗೀತಕ್ಕೆ ಪಿತೃಸ್ಥಾನದಲ್ಲಿರುವ ಥಾಮಸ್ ಆಂಡ್ರ್ಯೂ ಡಾರ್ಸೆಯ ‘ಪ್ರೆಷಸ್ ಲಾರ್ಡ್, ಟೇಕ್ ಮೈ ಹ್ಯಾಂಡ್’ ಎಂಬ ಗೀತೆಯ ಮುಂದೆ ನಿಂತಾಗ ಈ ಪ್ರಶ್ನೆಯು ತಾನಾಗಿಯೇ ಏಳುತ್ತದೆ. ಗೀತೆಯನ್ನು ಮೆಚ್ಚುವವರು ಅಸಂಖ್ಯರು. ಆದರೆ ಅವರಲ್ಲಿ ಬಹುಮಂದಿ ಅದರ ಹಿಂದಿನ ಕಥೆಯನ್ನು ಮೆಚ್ಚಿ, ಆ ಮೆಚ್ಚಿಗೆಯನ್ನೇ ಗೀತೆಯ ಮೇಲೆ ಹೊರಿಸಿಬಿಡುತ್ತಾರೆ. ಎಲ್ಲವನ್ನೂ ಕಳೆದುಕೊಂಡ, ಹಾಡಿದ, ಗುಣವಾದ, ಎಂದು ಮೂರು ಮಾತಿನಲ್ಲಿ ಮುಗಿಸುವ ಈ ಪರಿಯು ಭಕ್ತಿಪುಸ್ತಕಗಳಿಗೆ ಒಪ್ಪುವುದೇನೋ, ವಿಮರ್ಶೆಗೆ ಒಪ್ಪದು. ಕಥೆಯನ್ನು ಕಥೆಯಾಗಿ, ಗೀತೆಯನ್ನು ಗೀತೆಯಾಗಿ ಬೇರೆಬೇರೆ ನೋಡಿ, ಆಮೇಲೆ ಅವೆರಡಕ್ಕಿರುವ ಸಂಬಂಧವನ್ನು ವಿಚಾರಿಸುವುದು ಯುಕ್ತ.

ಮೊದಲು ಹೆಸರಿನ ಗೊಂದಲವೊಂದನ್ನು ತೊಡೆದುಹಾಕಬೇಕು. ಟಾಮಿ ಡಾರ್ಸೆ ಎಂಬ ಬಿಳಿಯ ವಾದ್ಯಗಾರನೊಬ್ಬನು ಅದೇ ಕಾಲದಲ್ಲಿ ಬಹಳ ಪ್ರಸಿದ್ಧನಾಗಿದ್ದನು; ಈ ಗೀತೆಯನ್ನು ಅವನ ತಲೆಗೆ ಕಟ್ಟುವ ಬರೆಹಗಳು ಇಂದಿಗೂ ಕಣ್ಣಿಗೆ ಬೀಳುತ್ತವೆ. ಅವನಿಗೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಡಾರ್ಸೆಯು 1899ನೆಯ ಇಸವಿಯ ಜುಲೈ 1ರಂದು ಜಾರ್ಜಿಯ ಸಂಸ್ಥಾನದ ವಿಲ್ಲಾ ರಿಕಾ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವನು. ತಂದೆ ಬೋಧಕ, ಜೊತೆಗೆ ಬೇಸಾಯಗಾರ. ತಾಯಿ ಕ್ರೈಸ್ತ ದೇವಾಲಯದಲ್ಲಿ ಆರ್ಗನ್ ನುಡಿಸುತ್ತಿದ್ದವಳು. ಮಗನು ಕಲಿತದ್ದು ಎರಡು ಪಾಠಶಾಲೆಗಳಲ್ಲಿ: ಒಂದು ದೇವಾಲಯ, ಮತ್ತೊಂದು ಅಟ್ಲಾಂಟಾ ಪಟ್ಟಣದ ನಾಟಕಶಾಲೆ ಪಾನಶಾಲೆಗಳು. ಬ್ಲೂಸ್ ಎಂಬ ಲೌಕಿಕ ದುಃಖಗೀತದ ಮಟ್ಟುಗಳು ಆತನ ಬೆರಳಿಗೆ ಹತ್ತಿದ್ದು ಎರಡನೆಯದರಲ್ಲಿ. ಷಿಕಾಗೊ ನಗರಕ್ಕೆ ಬಂದ ಮೇಲೆ 1924ರಲ್ಲಿ ಮಾ ರೇನಿ ಎಂಬ ಮಹಾಗಾಯಕಿಯ ವಾದ್ಯವೃಂದವನ್ನು ನಡೆಸಿದನು. ಆಕೆಯ ಮೇಳದಲ್ಲಿ ಉಡುಪುಗಳನ್ನು ನೋಡಿಕೊಳ್ಳುತ್ತಿದ್ದ ನೆಟ್ಟಿ ಹಾರ್ಪರ್ ಎಂಬವಳನ್ನು 1925ರಲ್ಲಿ ಮದುವೆಯಾದನು. ಮರುವರ್ಷವೇ ಮನಸ್ಸು ಕುಸಿದು, ಸುಮಾರು ಎರಡು ವರ್ಷ ಕೈಯಿಂದ ಏನೂ ಆಗದೆ ಕುಳಿತನು. ಆಗ ಹೇಲಿ ಎಂಬ ಬಿಷಪ್ಪನೊಬ್ಬನು ಆತನಿಗೆ ಧೈರ್ಯ ಹೇಳಿ, ಗಂಟಲಿನಿಂದ ಜೀವಂತ ಸರ್ಪವೊಂದನ್ನು ಹೊರಗೆಳೆದನೆಂದು ಡಾರ್ಸೆಯೇ ಹೇಳಿಕೊಂಡಿರುವನು. ನಂಬುವುದೂ ಬಿಡುವುದೂ ವಾಚಕರಿಗೆ ಸೇರಿದ್ದು. ಚೇತರಿಸಿಕೊಂಡವನು ದೇವರ ಹಾಡಿಗೆ ತಿರುಗಿದನೆಂಬುದು ನಿಜ. ಆದರೆ ಅದೇ 1928ರಲ್ಲಿ ಟ್ಯಾಂಪಾ ರೆಡ್ ಎಂಬವನೊಡನೆ ಸೇರಿ, ಕೇಳಿದರೆ ಗೃಹಸ್ಥರು ಕಿವಿ ಮುಚ್ಚಿಕೊಳ್ಳಬೇಕಾದ ಶೃಂಗಾರಾಭಾಸದ ಹಾಡೊಂದನ್ನು ಧ್ವನಿಮುದ್ರಣ ಮಾಡಿಸಿ ಹಣವನ್ನೂ ಹೆಸರನ್ನೂ ಗಳಿಸಿದನೆಂಬುದೂ ಅಷ್ಟೇ ನಿಜ. 1930ರಲ್ಲಿ ಷಿಕಾಗೊದಲ್ಲಿ ಸೇರಿದ ಬ್ಯಾಪ್ಟಿಸ್ಟರ ಮಹಾಸಭೆಯಲ್ಲಿ ಆತನ ಭಕ್ತಿಗೀತೆಯೊಂದಕ್ಕೆ ಜನ ಮನಸೋತರು. 1931ರಲ್ಲಿ ಥಿಯೊಡೋರ್ ಫ್ರೈ ಎಂಬ ಗಾಯಕನ ಜೊತೆಗೂಡಿ ಎಬನೇಜರ್ ದೇವಾಲಯದಲ್ಲಿ ಗಾಯನಮೇಳವನ್ನು ಕಟ್ಟಿದನು. 1932ರಲ್ಲಿ ಪಿಲ್‌ಗ್ರಿಮ್ ಬ್ಯಾಪ್ಟಿಸ್ಟ್ ದೇವಾಲಯದ ಮೇಳಕ್ಕೆ ನಿರ್ದೇಶಕನಾದನು.

ಇಷ್ಟನ್ನು ವಿಸ್ತರಿಸಿದ್ದಕ್ಕೆ ಕಾರಣವುಂಟು. ಪತ್ನೀವಿಯೋಗವೇ ಈತನನ್ನು ಪಾಪಮಾರ್ಗದಿಂದ ದೇವಮಾರ್ಗಕ್ಕೆ ಎಳೆದು ತಂದಿತೆಂಬ ಜನಪ್ರಿಯವಾದ ವಾದವು ಕಾಲಗಣನೆಗೆ ನಿಲ್ಲುವುದಿಲ್ಲ. ಪೆಟ್ಟು ಬಿದ್ದಾಗ ಆತನು ಆಗಲೇ ದೇವಾಲಯದ ಸೇವೆಯಲ್ಲಿದ್ದನು. ಇನ್ನೂ ಮುಂದುವರಿದು ಹೇಳುವುದಾದರೆ, ಆ ಸೇವೆಯ ಕೆಲಸದ ಮೇಲೆ ಹೋಗಿದ್ದಾಗಲೇ ಆ ಪೆಟ್ಟು ಬಿದ್ದದ್ದು.

1932ರ ಆಗಸ್ಟ್ ತಿಂಗಳು. ನೆಟ್ಟಿ ತುಂಬಿದ ಗರ್ಭಿಣಿ. ಸೇಂಟ್ ಲೂಯಿ ನಗರದಲ್ಲಿ ಭಕ್ತರ ದೊಡ್ಡ ಸಭೆಯೊಂದರಲ್ಲಿ ಡಾರ್ಸೆಯು ಹಾಡಬೇಕಾಗಿತ್ತು. ಆತನೇ ಅನಂತರದಲ್ಲಿ ಹೇಳಿಕೊಂಡಂತೆ, ಹೊರಡುವುದಕ್ಕೆ ಮನಸ್ಸಿರಲಿಲ್ಲ. ಆದರೂ ಒಪ್ಪಿಕೊಂಡ ಕೆಲಸವೆಂದು ಹೊರಟನು. ಊರು ದಾಟಿದ ಮೇಲೆ ಹಾಡಿನ ಹಾಳೆಗಳ ಚೀಲವನ್ನು ಮರೆತದ್ದು ನೆನಪಾಗಿ ಹಿಂದಿರುಗಿದನು. ಹೆಂಡತಿ ಮಲಗಿ ನಿದ್ರಿಸುತ್ತಿದ್ದಳು. ಉಳಿದುಬಿಡೆಂದು ಒಳಗಿನಿಂದ ಏನೋ ಹೇಳಿತು. ಆದರೂ ಎಬ್ಬಿಸದೆ ಹೊರಟುಹೋದನು. ಮರುದಿನ ರಾತ್ರಿ ಸಭೆಯಲ್ಲಿ ಹಾಡುತ್ತಿರುವಾಗ ತಂತಿ ಬಂದಿತು: ಹೆಂಡತಿ ತೀರಿಕೊಂಡಳು. ಸುತ್ತಲೂ ಜನ ಆನಂದದಿಂದ ಕೈತಟ್ಟಿ ಹಾಡುತ್ತಲೇ ಇದ್ದರಂತೆ. ಮನೆಗೆ ಬಂದಾಗ ತಿಳಿದದ್ದು, ಗಂಡುಮಗು ಹುಟ್ಟಿರುವುದು. ಆ ಮಗುವೂ ಒಂದು ದಿನಕ್ಕಿಂತ ಹೆಚ್ಚು ಬದುಕಲಿಲ್ಲ.

ಆಮೇಲೆ ಡಾರ್ಸೆಯು ಕೋಣೆಯ ಬಾಗಿಲು ಹಾಕಿಕೊಂಡು ಕುಳಿತನು. ದೇವರು ತನಗೆ ಅನ್ಯಾಯ ಮಾಡಿದನೆಂದೂ, ಇನ್ನು ಅವನಿಗಾಗಿ ಒಂದು ಹಾಡನ್ನೂ ಕಟ್ಟುವುದಿಲ್ಲವೆಂದೂ, ಹಳೆಯ ಬ್ಲೂಸ್ ವೃತ್ತಿಗೇ ಮರಳುವೆನೆಂದೂ ನಿಶ್ಚಯಿಸಿದ್ದನು. ಕೆಲವು ದಿನಗಳಾದ ಮೇಲೆ ಗೆಳೆಯ ಫ್ರೈ ಆತನನ್ನು ಪೋರೋ ಕಾಲೇಜಿಗೆ ಕರೆದೊಯ್ದನು. ಅದು ಆನಿ ಮಲೋನ್ ಎಂಬ ಕಪ್ಪು ಮಹಿಳೆಯು ಸ್ಥಾಪಿಸಿದ ಕೇಶಾಲಂಕಾರ ವಿದ್ಯೆಯ ಶಾಲೆ; ಅಲ್ಲಿ ಸಂಗೀತದ ಕೋಣೆಯೊಂದು, ಅದರಲ್ಲಿ ಪಿಯಾನೊ ಒಂದು ಇದ್ದವು. ಸಂಜೆಯ ಹೊತ್ತಿನಲ್ಲಿ ಆತನ ಬೆರಳುಗಳು ಪಿಯಾನೊದ ಮೇಲೆ ಒಂದು ಹಳೆಯ ಸ್ತೋತ್ರದ ಮಟ್ಟನ್ನು ತಡಕಾಡುತ್ತಿರಲು ಮಾತುಗಳು ಕೂಡಿಬಂದವು. ಮುಂದಿನ ಭಾನುವಾರ ಎಬನೇಜರ್ ದೇವಾಲಯದಲ್ಲಿ ಫ್ರೈ ಅದನ್ನು ಹಾಡಿದನು, ಡಾರ್ಸೆಯು ನುಡಿಸಿದನು. ಸಭೆ ಎದ್ದು ನಿಂತಿತು.

ಕಥೆ ಇಷ್ಟು. ಐವತ್ತು ವರ್ಷಗಳ ಕಾಲ ಹೇಳಿ ಹೇಳಿ ಅದು ನುಣುಪಾಗಿದೆ ಎಂಬುದನ್ನು ಒಪ್ಪಿಕೊಂಡರೂ ಅದರ ತಿರುಳು ಕೆಡುವುದಿಲ್ಲ. ಈಗ ಗೀತೆಯನ್ನು ನೋಡೋಣ.

ಗೀತೆಯಲ್ಲಿ ಹೆಂಡತಿಯ ಹೆಸರಿಲ್ಲ, ಮಗುವಿನ ಸುಳಿವಿಲ್ಲ, ತಂತಿಯಿಲ್ಲ, ಸೇಂಟ್ ಲೂಯಿಯಿಲ್ಲ. ದೇವರ ಮೇಲಿನ ದೂರು ಸುತರಾಂ ಇಲ್ಲ. ನಮ್ಮಲ್ಲಿ ನಿಂದಾಸ್ತುತಿಯೆಂಬ ಒಂದು ಪ್ರಕಾರವುಂಟು. ಭಕ್ತನು ಸಲುಗೆಯಿಂದ ದೇವರನ್ನು ಬಯ್ದು, ಬಯ್ಗುಳಿನಲ್ಲೇ ಹೊಗಳಿಕೆಯನ್ನು ಹುದುಗಿಸುವನು. ಕೋಣೆಯೊಳಗೆ ಅಷ್ಟು ಕೋಪಗೊಂಡಿದ್ದವನಿಗೆ ಆ ದಾರಿ ತೆರೆದೇ ಇತ್ತು. ಆತನು ಅದನ್ನು ಹಿಡಿಯಲಿಲ್ಲ. ಸತ್ತವರನ್ನು ತಂದುಕೊಡೆಂಬ ಬೇಡಿಕೆಯೂ ಇಲ್ಲ, ಏಕೆ ಹೀಗಾಯಿತೆಂಬ ಪ್ರಶ್ನೆಯೂ ಇಲ್ಲ. ಇರುವುದು ಇಷ್ಟೆ: ದಣಿದು ಸೋತ ಒಬ್ಬನು ಬಿರುಗಾಳಿಯ ಇರುಳಿನಲ್ಲಿ ನಿಂತಿದ್ದಾನೆ, ಮುಂದೆ ಹೊಳೆಯಿದೆ, ತನ್ನ ಕೈಯನ್ನು ಹಿಡಿದು ಬೆಳಕಿನ ಕಡೆಗೆ, ಮನೆಯ ಕಡೆಗೆ ನಡೆಸಬೇಕೆಂದು ಕೇಳುತ್ತಿದ್ದಾನೆ. ಅಭಿನವಗುಪ್ತನ ಪ್ರಶ್ನೆಗೆ ಉತ್ತರ ಇಲ್ಲಿಯೇ ದೊರೆಯುತ್ತದೆ. ಶೋಕವು ಕವಿಯದೇ ಆಗಿದ್ದರೂ ಗೀತೆಗೆ ಬರುವಷ್ಟರಲ್ಲಿ ಅದರ ಗುರುತುಗಳೆಲ್ಲ ಅಳಿಸಿಹೋಗಿವೆ. ನಮ್ಮ ಆಲಂಕಾರಿಕರು ಸಾಧಾರಣೀಕರಣವೆಂದು ಕರೆಯುವುದು ಇದನ್ನೇ. ಯಾರ ಮನೆಯ ಸಾವಿಗಾದರೂ ಒಗ್ಗುವ ಮಾತುಗಳು ಮಾತ್ರ ಉಳಿದಿವೆ.

ಈ ಅಳಿಸುವಿಕೆಯು ನಡೆದದ್ದು ಹೇಗೆ? ಬಹುಶಃ ಮಟ್ಟಿನ ಮೂಲಕ. ಡಾರ್ಸೆಗೆ ಹೊಸ ಮಟ್ಟನ್ನು ಕಟ್ಟುವುದು ಕಷ್ಟವಾಗಿರಲಿಲ್ಲ. ಅದೇ ಆತನ ಕಸುಬು. ಆದರೂ ಆ ಸಂಜೆ ಆತನು ಎತ್ತಿಕೊಂಡದ್ದು ‘ಮೇಟ್ಲಂಡ್’ ಎಂದು ಹೆಸರುಳ್ಳ, ಹತ್ತೊಂಬತ್ತನೆಯ ಶತಮಾನದ, ಎಲ್ಲರ ಬಾಯಲ್ಲೂ ಸವೆದ ಮಟ್ಟನ್ನು. ಇದನ್ನು ಎರವಲೆಂದು ಆಕ್ಷೇಪಿಸುವವರಿದ್ದಾರೆ. ಅವರ ಆಕ್ಷೇಪವು ಕಚೇರಿಯ ಸಂಗೀತಕ್ಕೆ ಸಲ್ಲಬಹುದು. ಭಜನೆಯ ಸಂಗೀತಕ್ಕೆ ಸಲ್ಲುವುದಿಲ್ಲ. ಭಜನೆಯಲ್ಲಿ ಮಟ್ಟು ಊರಿನ ಬಾವಿಯಂತೆ, ಸೇದಿಕೊಂಡವನ ನೀರು ಅವನದು. ಅದಕ್ಕಿಂತಲೂ ಮುಖ್ಯವಾದುದು, ಆ ಮಟ್ಟಿಗೆ ಮೊದಲಿನಿಂದ ಅಂಟಿಕೊಂಡಿದ್ದ ಸ್ತೋತ್ರದ ಅರ್ಥ. ಶಿಲುಬೆಯನ್ನು ಹೊರುವ ಭಾರವು ಯೇಸುವೊಬ್ಬನದೇ ಅಲ್ಲ, ಪ್ರತಿಯೊಬ್ಬನ ಪಾಲಿಗೂ ಒಂದೊಂದು ಉಂಟೆಂಬುದು ಅದರ ತಾತ್ಪರ್ಯ. ಡಾರ್ಸೆಯ ಗೀತೆಯನ್ನು ಮೊದಲ ಸಲ ಕೇಳಿದ ಸಭಿಕರ ಕಿವಿಯಲ್ಲಿ ಹೊಸ ಮಾತಿನ ಕೆಳಗೆ ಹಳೆಯ ಮಾತೂ ಗುನುಗುಟ್ಟುತ್ತಿದ್ದಿರಬೇಕು. ಹೊರುವ ಮಾತನ್ನು ಹೊಸ ಗೀತೆಯು ಬಾಯಿಬಿಟ್ಟು ಆಡುವುದಿಲ್ಲ, ಮಟ್ಟಿನಿಂದ ಸೂಚಿಸುತ್ತದೆ. ಧ್ವನಿಯೆಂದರೆ ಇದಲ್ಲದೆ ಮತ್ತೇನು?

ಫ್ರೈ ಮಾಡಿದ ಒಂದು ತಿದ್ದುಪಡಿಯು ವಿಮರ್ಶಕನನ್ನು ಬಹುಹೊತ್ತು ನಿಲ್ಲಿಸುತ್ತದೆ. ಡಾರ್ಸೆಯು ಮೊದಲು ಬಳಸಿದ ಸಂಬೋಧನೆ ‘ಬ್ಲೆಸೆಡ್’ ಎಂಬುದು. ಅದು ಬೇಡ, ‘ಪ್ರೆಷಸ್’ ಎಂದು ಕರೆ, ಎಂದು ಫ್ರೈ ಸೂಚಿಸಿದನಂತೆ. ಕೋಶದಲ್ಲಿ ನೋಡಿದರೆ ಮೊದಲನೆಯದಕ್ಕೆ ಪೂಜ್ಯ, ಧನ್ಯ ಎಂದೂ, ಎರಡನೆಯದಕ್ಕೆ ಬೆಲೆಬಾಳುವ ಎಂದೂ ಅರ್ಥ. ಆದರೆ ಬಳಕೆಯಲ್ಲಿ ಇವೆರಡರ ನಡುವೆ ಇರುವ ಅಂತರವು ಗರ್ಭಗುಡಿಗೂ ಒಳಮನೆಗೂ ಇರುವ ಅಂತರ. ಪೂಜ್ಯನೆಂಬುದು ಕೆಳಗೆ ನಿಂತು ತಲೆಯೆತ್ತಿ ಆಡುವ ಮಾತು. ಎರಡನೆಯ ಶಬ್ದವನ್ನು ಇಂಗ್ಲಿಷ್ ಆಡುವ ಮನೆಗಳಲ್ಲಿ ಕೂಸನ್ನು ಎತ್ತಿಕೊಂಡು, ಹೆಂಡತಿಯನ್ನು ಹತ್ತಿರ ಕರೆದು ಆಡುವರು. ನಮ್ಮಲ್ಲಿ ‘ನನ್ನ ಚಿನ್ನ’ ಎನ್ನುವ ಹಾಗೆ. ಆ ಶಬ್ದವನ್ನು ಯಾರಿಗೆ ಹೇಳಬೇಕಾಗಿತ್ತೋ ಅವರಿಬ್ಬರೂ ಮಣ್ಣಿನಲ್ಲಿದ್ದರು. ಹೇಳುವುದಕ್ಕೆ ಯಾರೂ ಇಲ್ಲದ ಮುದ್ದಿನ ಮಾತು ದೇವರ ಪಾಲಿಗೆ ಹೋಯಿತು. ಗೀತೆಯಲ್ಲಿ ನೆಟ್ಟಿಯೂ ಮಗುವೂ ಎಲ್ಲಿದ್ದಾರೆಂದು ಕೇಳುವವರಿಗೆ ಈ ಒಂದು ವಿಶೇಷಣವನ್ನು ತೋರಿಸಬಹುದು.

ಇನ್ನು ಕೈಯ ಮಾತು. ಪ್ರಪತ್ತಿಯನ್ನು ಬೋಧಿಸುವ ಶ್ರೀವೈಷ್ಣವ ಗುರುಗಳು ಎರಡು ನ್ಯಾಯಗಳನ್ನು ಹೇಳುವರು. ಕೋತಿಯ ಮರಿ ತಾನೇ ತಾಯಿಯ ಹೊಟ್ಟೆಯನ್ನು ಅವುಚಿಕೊಳ್ಳುವುದು ಮರ್ಕಟಕಿಶೋರನ್ಯಾಯ. ಬೆಕ್ಕಿನ ಮರಿ ಸುಮ್ಮನೆ ಬಿದ್ದಿರಲು ತಾಯಿಯೇ ಕಚ್ಚಿಕೊಂಡು ಒಯ್ಯುವುದು ಮಾರ್ಜಾರಕಿಶೋರನ್ಯಾಯ. ಡಾರ್ಸೆಯ ಭಕ್ತನು ಇವೆರಡರ ನಡುವೆ ಎಲ್ಲೋ ಇದ್ದಾನೆ. ತಾನಾಗಿ ಹಿಡಿದುಕೊಳ್ಳುವ ಬಲ ಅವನಿಗಿಲ್ಲ, ಆದುದರಿಂದ ನೀನೇ ಹಿಡಿ ಎನ್ನುತ್ತಾನೆ. ಆದರೆ ಎತ್ತಿಕೊಂಡು ಹೋಗೆನ್ನುವುದಿಲ್ಲ. ನಡೆಯುವುದು ತನ್ನ ಕಾಲಿನಿಂದಲೇ, ನಿಲ್ಲುವುದೂ ತನ್ನ ಕಾಲಮೇಲೆಯೇ. ಅದಕ್ಕೆ ಆಸರೆ ಮಾತ್ರ ಬೇಕು. ಈ ಸೂಕ್ಷ್ಮವನ್ನು ಗಮನಿಸದೆ ಗೀತೆಯನ್ನು ಬರಿಯ ಶರಣಾಗತಿಯೆಂದು ಹಾಡುವವರು ಕೊನೆಕೊನೆಗೆ ಅದನ್ನು ಜೋಗುಳವನ್ನಾಗಿ ಮಾಡಿಬಿಡುತ್ತಾರೆ.

ಇಲ್ಲಿ ಕ್ಷಮೆಯ ವಿಚಾರ ಬರುತ್ತದೆ. ಡಾರ್ಸೆಯ ಮುಂದಿನ ಜೀವಿತವನ್ನೆಲ್ಲ ಕ್ಷಮೆಯ ಮತ್ತು ಪುನಃಸ್ಥಾಪನೆಯ ಸೇವೆಯೆಂದು ಭಕ್ತರು ವರ್ಣಿಸುವರು. ಯಾರನ್ನು ಯಾರು ಕ್ಷಮಿಸಿದರು? ನೆಟ್ಟಿಯನ್ನು ಯಾರೂ ಕೊಲ್ಲಲಿಲ್ಲ, ಹೆರಿಗೆಯಲ್ಲಿ ಸತ್ತಳು. ತಪ್ಪಿತಸ್ಥನೆಂದು ಬೆರಳು ತೋರಿಸುವುದಕ್ಕೆ ಇದ್ದವರು ಇಬ್ಬರೇ: ಒಬ್ಬನು ದೇವರು, ಮತ್ತೊಬ್ಬನು ನಿದ್ರಿಸುತ್ತಿದ್ದವಳನ್ನು ಎಬ್ಬಿಸದೆ ಹೊರಟುಹೋದ ಗಂಡ. ದೇವರ ಮೇಲಿನ ದೂರನ್ನು ಆತನು ಬಾಯಿಬಿಟ್ಟು ಹೇಳಿಕೊಂಡನು. ಎರಡನೆಯದನ್ನು ಅಷ್ಟು ಬಿಚ್ಚಿ ಹೇಳಲಿಲ್ಲ. ಆದರೆ ಹಾಡಿನ ಚೀಲವನ್ನು ಮರೆತು ಹಿಂದಿರುಗಿದ ಪ್ರಸಂಗವನ್ನು ಮುದುಕನಾದ ಮೇಲೆಯೂ ಬಿಡದೆ ಹೇಳಿದನೆಂದರೆ, ಆ ಮುಳ್ಳು ಎಲ್ಲಿ ನೆಟ್ಟಿತ್ತೆಂದು ಊಹಿಸುವುದು ಕಷ್ಟವಲ್ಲ. ದೇವರನ್ನು ಹಾಡುವುದಕ್ಕೆ ಹೋದದ್ದರಿಂದಲೇ ಆಕೆಯ ಕೊನೆಯ ಗಳಿಗೆಯಲ್ಲಿ ಹತ್ತಿರ ಇಲ್ಲದೆ ಹೋದನು. ಅಂಥವನು ಅದೇ ಹಾಡಿಗೆ ಮರಳಬೇಕಾದರೆ ಮೊದಲು ತನ್ನನ್ನು ತಾನು ಕ್ಷಮಿಸಿಕೊಳ್ಳಬೇಕಷ್ಟೆ.

ಅಮರಕೋಶದ ನಾನಾರ್ಥವರ್ಗವನ್ನು ಕಂಠಪಾಠ ಮಾಡಿದವರಿಗೆ ಕ್ಷಮಾಶಬ್ದಕ್ಕೆ ಭೂಮಿಯೆಂದೂ ಸಹನೆಯೆಂದೂ ಅರ್ಥವಿರುವುದು ನೆನಪಿರಬಹುದು. ಅಲ್ಲಿಯೇ ‘ಕ್ಷಮ’ ಎಂಬುದಕ್ಕೆ ಶಕ್ತನಾದವನು, ತಕ್ಕವನು ಎಂಬ ಅರ್ಥವೂ ಹೇಳಿದೆ. ಇಂದಿನ ಮಾತಿನಲ್ಲಿ ಕ್ಷಮೆಯೆಂದರೆ ತಪ್ಪನ್ನು ಮನ್ನಿಸುವುದಷ್ಟೇ ಆಗಿ, ಅಪರಾಧಿ ಒಬ್ಬನಿಲ್ಲದೆ ಆ ಶಬ್ದಕ್ಕೆ ಕೆಲಸವಿಲ್ಲದಂತಾಗಿದೆ. ಮೂಲದಲ್ಲಿ ಅದು ಹೊರುವ ಶಕ್ತಿ. ಹೊತ್ತವನೇ ಶಕ್ತನು. ಡಾರ್ಸೆಯ ಪ್ರಸಂಗದಲ್ಲಿ ಈ ಹಳೆಯ ಅರ್ಥವೇ ಸರಿಹೊಂದುತ್ತದೆ. ಅನ್ಯಾಯ ಮಾಡಿದೆಯೆಂದು ದೇವರನ್ನು ಕೇಳಿದ ಪ್ರಶ್ನೆಗೆ ಆತನಿಗೆ ಉತ್ತರ ಬರಲಿಲ್ಲ. ಉತ್ತರ ಬಾರದಿದ್ದರೂ ಪ್ರಶ್ನೆಯನ್ನು ಕೆಳಗಿಟ್ಟು ಕೈ ಚಾಚಿದನು. ಬೈಬಲಿನ ಯೋಬನಿಗೆ ಕಡೆಯಲ್ಲಿ ಕುರಿ ಒಂಟೆಗಳು ಇಮ್ಮಡಿಯಾಗಿ ಬಂದವು. ಸತ್ತ ಮಕ್ಕಳಿಗೆ ಬದಲಾಗಿ ಅಷ್ಟೇ ಮಂದಿ ಹೊಸ ಮಕ್ಕಳು ಹುಟ್ಟಿದರು. ಆ ಗ್ರಂಥದ ಈ ಮುಕ್ತಾಯವು ಸೂಕ್ಷ್ಮವಾದ ಮನಸ್ಸಿಗೆ ಎಂದೂ ಪೂರ್ತಿಯಾಗಿ ಒಪ್ಪಿಗೆಯಾಗುವುದಿಲ್ಲ, ಒಂದು ಕೂಸಿಗೆ ಇನ್ನೊಂದು ಕೂಸು ಬದಲಲ್ಲ. ಡಾರ್ಸೆಯೂ 1941ರಲ್ಲಿ ಮರುಮದುವೆಯಾಗಿ ಇಬ್ಬರು ಮಕ್ಕಳ ತಂದೆಯಾದನು. ಆದರೆ ಇದನ್ನೇ ಪುನಃಸ್ಥಾಪನೆಯೆಂದು ತೋರಿಸುವವರು ಗೀತೆಯನ್ನು ಸರಿಯಾಗಿ ಓದಿಲ್ಲ. ಗೀತೆಯು ಹೋದದ್ದನ್ನು ಮರಳಿ ಕೇಳುವುದೇ ಇಲ್ಲವಲ್ಲ!

ನಿಜವಾದ ಪುನಃಸ್ಥಾಪನೆಯು ನಡೆದದ್ದು ಪೋರೋ ಕಾಲೇಜಿನ ಆ ಒಂದು ಸಂಜೆಯಲ್ಲಲ್ಲ, ಮುಂದಿನ ಹಲವು ದಶಕಗಳಲ್ಲಿ. ಬೇಸರ ಹುಟ್ಟಿಸುವಷ್ಟು ಸಾಮಾನ್ಯವಾದ ಕೆಲಸಗಳಲ್ಲಿ. ಸುವಾರ್ತಾಗೀತೆಗಳ ಗಾಯನಮೇಳಗಳನ್ನೆಲ್ಲ ಒಂದುಗೂಡಿಸುವ ರಾಷ್ಟ್ರೀಯ ಸಮ್ಮೇಳನವೊಂದನ್ನು ಡಾರ್ಸೆಯೂ ಅವನ ಜೊತೆಗಾರರೂ ಆಗಲೇ ಸ್ಥಾಪಿಸಿದರು. ಆತನು ದಶಕಗಳ ಕಾಲ ಅದರ ಅಧ್ಯಕ್ಷನಾಗಿದ್ದನು. ಊರೂರು ತಿರುಗಿ, ಅಡುಗೆಯವರು, ಅಗಸಗಿತ್ತಿಯರು, ಕಾರ್ಖಾನೆಯ ಕೂಲಿಗಳು, ಇಂಥವರನ್ನು ಸೇರಿಸಿ, ಸ್ವರಲಿಪಿಯನ್ನು ಓದಲಾರದವರಿಗೂ ಬಾಯಿಪಾಠದಿಂದ ಕಲಿಸಿ ಮೇಳಗಳನ್ನು ಕಟ್ಟುವುದು. ಒಂದೊಂದೇ ಹಾಡನ್ನು ಬಿಡಿಹಾಳೆಯಾಗಿ ಅಚ್ಚುಹಾಕಿಸಿ ಕೆಲವು ಸೆಂಟುಗಳಿಗೆ ಮಾರುವುದು. ಸ್ಯಾಲಿ ಮಾರ್ಟಿನ್ ಎಂಬ ಗಾಯಕಿಯು ಬರದೆ ಹೋಗಿದ್ದರೆ ಈ ಮಾರಾಟದ ಹಣವು ತೆರೆದ ಚೀಲದಲ್ಲೇ ಬಿದ್ದಿರುತ್ತಿತ್ತು. ಲೆಕ್ಕಪತ್ರಕ್ಕೆ ಶಿಸ್ತು ತಂದವಳು ಆಕೆಯೇ. ಆಕೆಯ ಕಂಠ ಒರಟು, ಡಾರ್ಸೆಗೆ ಮೊದಲು ಮೆಚ್ಚಿಗೆಯಾಗಿರಲಿಲ್ಲ. ಆದರೂ ಹಾಡಿನ ಭಾವವನ್ನು ಜನಕ್ಕೆ ತಲುಪಿಸುವುದರಲ್ಲಿ ಆಕೆಗೆ ಸಮಾನರು ಕಡಮೆ.

ಸೇವೆಯ ಇನ್ನೊಂದು ಮುಖವು ಸಂಗೀತಕ್ಕೆ ಸಂಬಂಧಿಸಿದ್ದು. ಷಿಕಾಗೊದ ಹಳೆಯ ದೇವಾಲಯಗಳಲ್ಲಿ ಯೂರೋಪಿನ ಪದ್ಧತಿಯ ಗಂಭೀರಗಾಯನಕ್ಕೆ ಮಾತ್ರ ಮನ್ನಣೆಯಿತ್ತು. ಕೈತಟ್ಟುವುದು, ಮೈದೂಗುವುದು, ಸ್ವರವನ್ನು ಬಾಗಿಸಿ ನರಳಿಸುವುದು, ಇವೆಲ್ಲ ಪಾನಶಾಲೆಯ ಚಾಳಿಗಳೆಂದು ಹಿರಿಯರು ಮೂಗುಮುರಿಯುತ್ತಿದ್ದರು. ಒಳ್ಳೊಳ್ಳೆಯ ದೇವಾಲಯಗಳಿಂದ ತನ್ನನ್ನು ಹೊರಗೆ ದೂಡಿದ್ದಾರೆಂದು ಡಾರ್ಸೆಯು ತಮಾಷೆಯಾಗಿ ಹೇಳಿಕೊಳ್ಳುತ್ತಿದ್ದನು. ಇಲ್ಲಿ ಆತನ ನಡತೆಯು ವಿಚಾರಾರ್ಹವಾಗಿದೆ. ಪಶ್ಚಾತ್ತಾಪಪಟ್ಟವರು ಸಾಮಾನ್ಯವಾಗಿ ತಮ್ಮ ಪೂರ್ವಜೀವನವನ್ನು ಹಳಿದು ದೂರ ಮಾಡುತ್ತಾರೆ. ಡಾರ್ಸೆಯು ಬ್ಲೂಸ್ ವೃತ್ತಿಯನ್ನು ಬಿಟ್ಟನೇ ಹೊರತು ಬ್ಲೂಸನ್ನು ಹಳಿಯಲಿಲ್ಲ. ಅದೂ ದುಃಖದ ಮಾತು, ಇದೂ ದುಃಖದ ಮಾತು. ಅದು ಇಲ್ಲಿಗೇ ನಿಲ್ಲುವುದು, ಇದು ಭರವಸೆಯ ಕಡೆಗೆ ನೋಡುವುದು, ಎಂಬುದು ಆತನ ನಿಲುವು. ‘ಪ್ರೆಷಸ್ ಲಾರ್ಡ್’ ಗೀತೆಯ ಕಟ್ಟು ಸ್ತೋತ್ರದ್ದು. ಬ್ಲೂಸಿನ ಹನ್ನೆರಡು ಅಳತೆಯ ಚೌಕಟ್ಟು ಅದರಲ್ಲಿಲ್ಲ. ಆದರೆ ಹಾಡುವವರು ಒಂದೊಂದು ಶಬ್ದದ ಮೇಲೆ ನಿಂತು, ಸ್ವರವನ್ನು ಹಿಂಜಿ, ನಿಟ್ಟುಸಿರಿಗೆ ಎಡೆಮಾಡಿಕೊಡುವ ರೀತಿಯು ಮಾ ರೇನಿಯ ಮೇಳದಿಂದ ಬಂದದ್ದು. ನೆಟ್ಟಿಯೂ ಅದೇ ಮೇಳದಿಂದ ಬಂದವಳಲ್ಲವೆ? ಬ್ಲೂಸನ್ನು ಹೊರಗಟ್ಟಿದ್ದರೆ ಆಕೆಯನ್ನೂ ಹೊರಗಟ್ಟಿದಂತಾಗುತ್ತಿತ್ತು.

ಆತನ ಉಳಿದ ಗೀತೆಗಳನ್ನು ಕುರಿತು ಬಹಳ ಹೇಳಬೇಕಾಗಿಲ್ಲ. ಸಾವಿರಕ್ಕೆ ಸಮೀಪವಾದ ಭಕ್ತಿಗೀತೆಗಳನ್ನು ಆತನ ಹೆಸರಿಗೆ ಎಣಿಸುವರು. ಅವುಗಳಲ್ಲಿ ಅನೇಕವು ಉಪದೇಶದ ಗದ್ಯಕ್ಕೆ ರಾಗ ಹಚ್ಚಿದವು. ‘ಪೀಸ್ ಇನ್ ದ ವ್ಯಾಲಿ’ ಎಂಬುದು ಮಾತ್ರ ಬೇರೆ ಗುಂಪಿನದು. 1930ರ ದಶಕದ ಉತ್ತರಾರ್ಧದಲ್ಲಿ, ಯೂರೋಪಿನಲ್ಲಿ ಯುದ್ಧದ ಮೋಡ ಕವಿಯುತ್ತಿದ್ದಾಗ, ರೈಲಿನ ಕಿಟಕಿಯಿಂದ ಕಂಡ ಕಣಿವೆಯೊಂದರ ಶಾಂತಿಯಿಂದ ಅದು ಹುಟ್ಟಿತೆಂದು ಹೇಳುವರು. ಕ್ರೂರಮೃಗಗಳು ಸಾಧುಪ್ರಾಣಿಗಳೊಡನೆ ಕೂಡಿ ಬಾಳುವ ಯೆಶಾಯನ ಕಲ್ಪನೆಯು ಅದರಲ್ಲಿದೆ. ನಮ್ಮವರಿಗೆ ಇದು ಋಷ್ಯಾಶ್ರಮದ ವರ್ಣನೆಗಳನ್ನು ನೆನಪಿಗೆ ತರುವುದು. ರೆಡ್ ಫೋಲಿಯೆಂಬ ಬಿಳಿಯ ಗಾಯಕನು 1951ರಲ್ಲಿಯೂ ಎಲ್ವಿಸ್ ಪ್ರೀಸ್ಲಿಯು 1957ರಲ್ಲಿಯೂ ಹಾಡಿ ಅದನ್ನು ಲಕ್ಷಾಂತರ ಮನೆಗಳಿಗೆ ಮುಟ್ಟಿಸಿದರು. ಮಧುರವಾದ ಹಾಡೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದರ ಶಾಂತಿಯು ಮುಂದೆಂದೋ ಬರತಕ್ಕದ್ದು. ಈ ರಾತ್ರಿಯನ್ನು ಹೇಗೆ ಕಳೆಯಬೇಕೆಂದು ಕೇಳುವವನಿಗೆ ಅದು ಹೆಚ್ಚಿನದೇನನ್ನೂ ಕೊಡದು. ಆ ಮಾತಿಗೆ 1932ರ ಗೀತೆಯೇ ಬೇಕು.

ಆ ಗೀತೆಯು ನಡೆದುಬಂದ ದಾರಿಯೂ ಇದನ್ನೇ ಸೂಚಿಸುತ್ತದೆ. 1939ರಿಂದ ಕೆಲವು ವರ್ಷ ಡಾರ್ಸೆಯೊಡನೆ ಊರೂರು ಸುತ್ತಿದ ಮಹೇಲಿಯಾ ಜ್ಯಾಕ್ಸನ್ ಎಂಬ ಗಾಯಕಿಯ ಕಂಠದಲ್ಲಿ ಅದು ತನ್ನ ಪೂರ್ಣರೂಪವನ್ನು ಪಡೆಯಿತು. ಆಕೆಯು ತಾಳದ ಕಟ್ಟನ್ನು ಸಡಿಲಿಸಿ, ಆಲಾಪನೆಯೋ ಎಂಬಷ್ಟು ನಿಧಾನವಾಗಿ, ಪ್ರತಿ ಹೆಜ್ಜೆಯನ್ನೂ ಊರಿ ಹಾಡುವಳು. ಮಾರ್ಟಿನ್ ಲೂಥರ್ ಕಿಂಗನಿಗೆ ಇದು ಅಚ್ಚುಮೆಚ್ಚಿನ ಗೀತೆಯಾಗಿತ್ತು. 1968ರ ಏಪ್ರಿಲ್ 4ರ ಸಂಜೆ, ಮೆಂಫಿಸ್ ನಗರದ ವಸತಿಗೃಹದ ಮೊಗಸಾಲೆಯಲ್ಲಿ ನಿಂತು, ಕೆಳಗಿದ್ದ ಬೆನ್ ಬ್ರಾಂಚ್ ಎಂಬ ವಾದ್ಯಗಾರನಿಗೆ, ಈ ರಾತ್ರಿಯ ಸಭೆಯಲ್ಲಿ ಅದನ್ನೇ ನುಡಿಸಬೇಕು, ಚೆನ್ನಾಗಿ ನುಡಿಸಬೇಕು, ಎಂದು ಹೇಳಿದ ಕೆಲವೇ ಗಳಿಗೆಯಲ್ಲಿ ಗುಂಡು ತಗುಲಿ ಬಿದ್ದನು. ಐದು ದಿನಗಳ ಮೇಲೆ ಅಟ್ಲಾಂಟಾದಲ್ಲಿ ಆತನ ಉತ್ತರಕ್ರಿಯೆಯ ಸಂದರ್ಭದಲ್ಲಿ ಮಹೇಲಿಯಾ ಅದನ್ನು ಹಾಡಿದಳು. 1972ರಲ್ಲಿ ಆಕೆ ತೀರಿಕೊಂಡಾಗ ಹಾಡಿದವಳು ಅರೀಥಾ ಫ್ರ್ಯಾಂಕ್ಲಿನ್.

ಅಪರಾಧಿಯಿಲ್ಲದ ಸಾವಿನಿಂದ ಹುಟ್ಟಿದ ಗೀತೆಯು ಹೀಗೆ ಅಪರಾಧಿಯಿರುವ ಸಾವಿನ ಮನೆಗೆ ಬಂದಿತು. ಆ ಮನೆಯ ಹಿರಿಯನಾದ ತಂದೆ ಕಿಂಗನು ಅಟ್ಲಾಂಟಾದ ಎಬನೇಜರ್ ದೇವಾಲಯದ ಬೋಧಕ. ಷಿಕಾಗೊದ್ದಕ್ಕೂ ಇದಕ್ಕೂ ಹೆಸರು ಮಾತ್ರ ಒಂದೇ. 1968ರಲ್ಲಿ ಹಿರಿಯ ಮಗನು ಗುಂಡಿಗೆ ಬಲಿಯಾದನು; 1969ರಲ್ಲಿ ಕಿರಿಯ ಮಗನು ನೀರಿನಲ್ಲಿ ಮುಳುಗಿ ಸತ್ತನು; 1974ರ ಜೂನ್ 30ರ ಭಾನುವಾರ, ಹೆಂಡತಿ ಆಲ್ಬರ್ಟಾ ದೇವಾಲಯದಲ್ಲಿ ಆರ್ಗನ್ ನುಡಿಸುತ್ತಿರುವಾಗಲೇ ಯುವಕನೊಬ್ಬನು ಆಕೆಯನ್ನು ಗುಂಡಿಟ್ಟು ಕೊಂದನು. ಮಗನನ್ನು ಕೊಂದವನು ಬಿಳಿಯನು, ಹೆಂಡತಿಯನ್ನು ಕೊಂದವನು ಕರಿಯನು. ಇಬ್ಬರಲ್ಲಿ ಯಾರನ್ನೂ ದ್ವೇಷಿಸುವುದಕ್ಕೆ ತನಗೆ ಹೊತ್ತಿಲ್ಲ, ಎಂಬರ್ಥದ ಮಾತನ್ನು ಆ ಮುದುಕನು ಆಡಿದನು. ಆಲ್ಬರ್ಟಾಳನ್ನು ಕೊಂದವನಿಗೆ ನ್ಯಾಯಾಲಯವು ವಿಧಿಸಿದ್ದ ಮರಣದಂಡನೆಯು 1995ರಲ್ಲಿ ಆಜೀವ ಸೆರೆಯಾಗಿ ಬದಲಾಯಿತು. ಮರಣದಂಡನೆಯನ್ನು ಕಿಂಗ್ ಮನೆತನದವರು ವಿರೋಧಿಸಿದ್ದುದೂ ಅದಕ್ಕೊಂದು ಕಾರಣ. ತಪ್ಪನ್ನು ಮನ್ನಿಸುವುದು, ಭಾರವನ್ನು ಹೊರುವುದು, ಎಂಬ ಎರಡು ಅರ್ಥಗಳೂ ಒಂದಾಗಿ ಕಾಣುವುದು ಇಂಥ ಮನೆಯಲ್ಲಿ.

1973ರಲ್ಲಿ ರಾಷ್ಟ್ರಾಧ್ಯಕ್ಷನಾಗಿದ್ದ ಲಿಂಡನ್ ಜಾನ್ಸನ್ನನ ಅಂತ್ಯವಿಧಿಯಲ್ಲಿಯೂ ಲಿಯೊಂಟೀನ್ ಪ್ರೈಸ್ ಎಂಬ ಸಂಗೀತನಾಟಕದ ಮಹಾಗಾಯಕಿಯು ಇದೇ ಗೀತೆಯನ್ನು ಹಾಡಿದಳು. ಅರಮನೆಯ ಹೆಣಕ್ಕೂ ಗುಡಿಸಲಿನ ಹೆಣಕ್ಕೂ ಒಂದೇ ಹಾಡು ಸಾಲುವುದನ್ನು ಕಂಡು, ಇದು ತೀರ ಸಾಮಾನ್ಯವಾದ ಮಾತುಗಳ ಗೀತೆ, ಆದುದರಿಂದ ಎಲ್ಲಿಗೂ ಸಲ್ಲುತ್ತದೆ, ಎಂದು ಹಗ್ಗುರವಾಗಿ ಆಡುವವರಿದ್ದಾರೆ. ಮಾತುಗಳು ಸಾಮಾನ್ಯವೆಂಬುದು ನಿಜ. ಅವು ಸಾಮಾನ್ಯವಾದದ್ದು ಹೇಗೆಂಬುದನ್ನು ಮೇಲೆ ಹೇಳಿದೆ.

ಡಾರ್ಸೆಯು ತೊಂಬತ್ತಮೂರು ವರ್ಷ ಬದುಕಿ, ಕೊನೆಯಲ್ಲಿ ನೆನಪು ಮಾಸಿ, 1993ರ ಜನವರಿ 23ರಂದು ಷಿಕಾಗೊದಲ್ಲಿ ತೀರಿಕೊಂಡನು. ಆತನು ಬಹುಕಾಲ ದುಡಿದ ಪಿಲ್‌ಗ್ರಿಮ್ ದೇವಾಲಯವು 2006ರ ಜನವರಿಯಲ್ಲಿ ಬೆಂಕಿಗೆ ಸಿಕ್ಕಿ, ಗೋಡೆಗಳಷ್ಟೇ ಉಳಿದವು. 1982ರಲ್ಲಿ ಹೊರಬಂದ ‘ಸೇ ಆಮೆನ್, ಸಂಬಡಿ’ ಎಂಬ ಚಿತ್ರದಲ್ಲಿ ಎಂಬತ್ತು ದಾಟಿದ ಡಾರ್ಸೆಯನ್ನು ಕಾಣಬಹುದು. ತಂತಿ ಬಂದ ರಾತ್ರಿಯ ಕಥೆಯನ್ನು ಆತನು ಅದರಲ್ಲಿ ಮತ್ತೊಮ್ಮೆ ಹೇಳುತ್ತಾನೆ, ಹೇಳುತ್ತ ಹೇಳುತ್ತ ಹಾಡಿಗೆ ಬರುತ್ತಾನೆ. ಕಂಠ ಒಡೆದಿದೆ, ಶ್ರುತಿ ನಿಲ್ಲುವುದಿಲ್ಲ. ಮಹೇಲಿಯಾಳ ಗಾಯನವನ್ನು ಕೇಳಿದ ಕಿವಿಗೆ ಅದು ಸಂಗೀತವೆನಿಸದೆ ಹೋಗಬಹುದು. ಹಾಗಿದ್ದರೂ ಗೀತೆಯನ್ನು ಅಭ್ಯಾಸ ಮಾಡುವವರು ಎರಡನ್ನೂ ಕೇಳುವುದು ಒಳ್ಳೆಯದು. ಮೊದಲು ಆಕೆಯದನ್ನು, ಆಮೇಲೆ ಈ ಮುದುಕನದನ್ನು.